ಗುರುವಾರದ ಕೂಸು

ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಪಕ್ಕದ ಮನೆಯ ಸೌಭಾಗ್ಯ ತನ್ನ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೋಗುತ್ತಿದ್ದಳು. "ಆಯಿ, ಒಂದು ತಾಸು ನೋಡಿಕೊಳ್ರಿ. ಕೆಲಸ ಭಾಳ ಐತಿ."

ಕೂಸಿನ ಹೆಸರು ವಿಶಾಖಾ. ಹತ್ತು ತಿಂಗಳು. ಜಲನಗರದ ನಮ್ಮ ಓಣಿಯ ಸ್ಕೂಟರುಗಳೆಲ್ಲ ಆ ಹೊತ್ತಿಗೆ ಆಫೀಸಿಗೆ ಹೋಗಿಬಿಟ್ಟಿರುತ್ತವೆ. ಕಿಟಕಿಯ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತದೆ. ಕೂಸು ಮಲಗಿದರೆ ನನಗೂ ಕಣ್ಣು ಎಳೆಯುತ್ತದೆ. ಎಚ್ಚರವೋ ಕನಸೋ ತಿಳಿಯದ ಹಾಗೆ ಕೂತಿರುತ್ತೇನೆ. ಮಡಿಲಲ್ಲಿರುವುದು ಯಾರ ಕೂಸು ಎಂಬುದೂ ಒಮ್ಮೊಮ್ಮೆ ಮರೆತುಹೋಗುತ್ತದೆ.

ಗುರುವಾರವೇ ಯಾಕೆ ಎಂದು ನಾನು ಕೇಳಿರಲಿಲ್ಲ. ನನ್ನ ಮೇಲಿನ ಪ್ರೀತಿಗೆ ತರುತ್ತಾಳೆ ಎಂದುಕೊಂಡಿದ್ದೆ.

ಮೂರನೆಯ ಗುರುವಾರ ಪಕ್ಕದ ಗೇಟಿನಲ್ಲಿ ಆಶಾ ಕಾರ್ಯಕರ್ತೆ ಮಾಲಾಳ ಧ್ವನಿ ಕೇಳಿಸಿತು.

"ಸೌಭಾಗ್ಯಾ, ಗುರುವಾರ ಸೂಜಿ ಹಾಕೂ ದಿನ. ಇವತ್ತರ ಕೂಸಿನ್ನ ಅಂಗನವಾಡಿಗೆ ಕರಕೊಂಡು ಬರ್ರಿ. ದಡಾರದ ಸೂಜಿ ತಡ ಆಗೈತಿ. ಹಿಂದಿನ ಓಣ್ಯಾಗ ಎರಡು ಹುಡುಗೂರಿಗೆ ದಡಾರ ಬಂದೈತಿ."

"ಕೂಸು ಇಲ್ಲೆಲ್ಲೈತ್ರಿ ಅಕ್ಕಾ? ಟಿಕೋಟಾದಾಗ ಐತಿ, ನಮ್ಮವ್ವನ ಕಡೆ."

"ಮೂರು ವಾರದಿಂದ ಟಿಕೋಟಾದಾಗ ಐತಿ." ಮಾಲಾ ನಕ್ಕಳು. "ನಿಮ್ಮವ್ವ ದ್ರಾಕ್ಷಿ ಒಣಗಸೂದು ಬಿಟ್ಟು ಕೂಸು ಆಡಸಾಕತ್ತಾಳೇನು?"

ಆ ಸುಳ್ಳನ್ನು ನಾನು ಮೊದಲೇ ಕೇಳಿದ್ದೆ.

ಬಹಳ ವರ್ಷಗಳ ಹಿಂದೆ, ಬಬಲೇಶ್ವರದ ಹತ್ತಿರ ನಮ್ಮ ಹೊಲದ ಮನೆ. ಒಳಗೆ ಜೋಳದ ಕಣಜ, ಅದರ ಹಿಂದೆ ಕತ್ತಲು, ಆ ಕತ್ತಲಲ್ಲಿ ನನ್ನ ಎರಡನೆಯ ಕೂಸು, ಮಗಳು ನಂದಾಳನ್ನು ಅಪ್ಪಿಕೊಂಡು ನಾನು. ಹೊರಗೆ ಅತ್ತೆ ನರ್ಸ್‌ಬಾಯಿಗೆ ಹೇಳುತ್ತಿದ್ದರು: "ಸೊಸಿ ಕೂಸಿನ್ನ ಕರಕೊಂಡು ತವರಮನಿಗೆ ಹೋಗ್ಯಾಳ." ಸೂಜಿ ಹಾಕಿಸಿದರೆ ಜ್ವರ ಬಂದು ಕೂಸು ಸೊರಗುತ್ತದೆ ಎಂಬ ಭಯ ಅವರಿಗೆ. ಕೆಟ್ಟವರಲ್ಲ, ನನ್ನ ಬಾಣಂತನದಲ್ಲಿ ಒಂದು ಕೊಡ ನೀರನ್ನೂ ನನಗೆ ಎತ್ತಗೊಡದವರು. ನಾನು ಬಿ.ಎ. ಓದಿದವಳು. ಕೂಸು ಅಳದಿರಲಿ ಎಂದು ಬೆರಳು ಚೀಪಿಸುತ್ತ ಸುಮ್ಮನೆ ಕೂತೆ.

ನಂದಾಳಿಗೆ ಎರಡು ತುಂಬುವ ಮೊದಲೇ ದಡಾರ ಬಂತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ರೋಗ ಎದೆಗೆ ಇಳಿಯಿತು. ಒಂಬತ್ತನೆಯ ದಿನ ಅವಳ ಉಸಿರು ನನ್ನ ಮಡಿಲಲ್ಲೇ ನಿಂತಿತು.

ಈಗ ವಿಶಾಖಾ ನನ್ನ ಬೆರಳು ಹಿಡಿದು ಚೀಪುತ್ತಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಮಾಲಾ ಹೋಗಿಬಿಡುತ್ತಾಳೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ.

"ಕೂಸು ಟಿಕೋಟಾದಾಗ ಇಲ್ಲ ಮಾಲಾ. ಇಲ್ಲೈತಿ."

ಸೌಭಾಗ್ಯಳ ಮುಖ ಕಪ್ಪಿಟ್ಟಿತು. "ನಿಮ್ಮನ್ನ ನಂಬಿದ್ನಲ್ರಿ, ಆಯಿ."

"ನಂಬೀದಿ ಅಂತನ ಹೊರಗ ಬಂದೇನಿ."

ಮಾಲಾ ಗದರಲಿಲ್ಲ. ಚೀಲವನ್ನು ನಮ್ಮ ಕಟ್ಟೆಯ ಮೇಲಿಟ್ಟು, "ಆಯಿ, ಮೊದಲ ಒಂದು ಕಪ್ ಚಹಾ ಕುಡಸ್ರಿ, ಕಾಲು ಸೋತಾವ" ಎಂದಳು. ಸೌಭಾಗ್ಯಳ ಮರ್ಯಾದೆ ಉಳಿಸಲು ಕೇಳಿದ ಚಹಾ ಅದು.

ಮೂವರೂ ಕಟ್ಟೆಯ ಮೇಲೆ ಕೂತೆವು. ಸೌಭಾಗ್ಯಳ ಹಿರಿಯ ಮಗ ಮುತ್ತು ನಾಲ್ಕು ವರ್ಷದವನು. ಟಿಕೋಟಾದ ಅಜ್ಜಿ ಕಳಿಸಿದ ಒಣದ್ರಾಕ್ಷಿಯನ್ನು ಒಂದರ ಮುಂದೊಂದು ಸಾಲಾಗಿ ಇಡುತ್ತಿದ್ದ.

"ಇವಗ ನಾನ ಎತ್ತಿಕೊಂಡು ಹೋಗಿ ಸೂಜಿ ಹಾಕಸೇನಿ," ಎಂದಳು ಸೌಭಾಗ್ಯ. "ಒಂದೂವರಿ ವರ್ಷ ಆಗಿತ್ತು. ಅವ್ವಾ ಅಂತಿದ್ದ, ಹಾಲು ಅಂತಿದ್ದ. ಎರಡು ತಿಂಗಳಿಗೆ ಮಾತು ಹೋದ್ವು. ಹೆಸರು ಹಿಡದು ಕರದ್ರ ತಿರಗಿ ನೋಡಲಿಲ್ಲ. ದವಾಖಾನ್ಯಾಗ ಆಟಿಸಂ ಅಂದ್ರು. ಸೂಜಿಯಿಂದನ ಬರ್ತೈತಿ ಅಂತ ಮೊಬೈಲ್‌ದಾಗ ಬಂದಿತ್ತು. ಇಕಿನೂ ಹಂಗ ಆದ್ರ ನಾ…"

ಅಲ್ಲಿಗೆ ನಿಲ್ಲಿಸಿದಳು. ಕೆಲಸಕ್ಕೆ ಹೊರಟಿದ್ದ ನನ್ನ ಮಗ ಸಂಗನಬಸವ ಹತ್ತಿರವೇ ನಿಂತಿದ್ದ. ಅವನಿಗೆ ನಲವತ್ಮೂರು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವನದೂ ಆಟಿಸಂ ಎಂದು ತಿಳಿಯುವ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಗಾಂಧಿ ಚೌಕದ ಮುನಾಫ ಟೇಲರನ ಅಂಗಡಿಯಲ್ಲಿ ದಾರದ ರೀಲುಗಳನ್ನು ಬಣ್ಣ ನೋಡಿ ಜೋಡಿಸುತ್ತಾನೆ. ಅವನಿಗೆ ಗದ್ದಲ ಆಗದು ಎಂದು ಮುನಾಫ ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ರೇಡಿಯೋ ಹಚ್ಚಿಲ್ಲ.

ಅವನು ಸೌಭಾಗ್ಯಳ ಮಾತು ಕೇಳಿದನೋ ಇಲ್ಲವೋ. ಕೂಸಿನ ಮುಖದ ಮೇಲೆ ಬಿಸಿಲು ಬೀಳದಂತೆ ಅಡ್ಡ ನಿಂತಿದ್ದ. ಬಿಸಿಲು ಸರಿದರೆ ತಾನೂ ಅರ್ಧ ಹೆಜ್ಜೆ ಸರಿಯುತ್ತಿದ್ದ.

ಸೌಭಾಗ್ಯ ಅವನನ್ನೇ ನೋಡುತ್ತ ಕೇಳಿದಳು. "ಆಯಿ, ಸಂಗಣ್ಣಗ ಯಾವಾಗ ಸೂಜಿ ಹಾಕಸಿದ್ರಿ?"

"ಒಂದೂ ಹಾಕಸಿಲ್ಲ."

"ಖರೇನ?"

"ಅಂವ ಹುಟ್ಟಿದಾಗ ದಡಾರದ ಸೂಜಿ ನಮ್ಮೂರಿಗೆ ಬಂದ ಇರಲಿಲ್ಲ. ಬ್ಯಾರೆ ಸೂಜಿ ನಮ್ಮತ್ತಿ ಹಾಕಸಗೊಡಲಿಲ್ಲ. ಅವನೂ ಎರಡನೇ ವರ್ಷದಾಗ ಮಾತು ಬಿಟ್ಟ. ನಾ ಯಾವುದಕ್ಕ ಬೈಲಿ? ಗ್ರಹಣಕ್ಕ ಬೈದೆ, ತಿಂದ ಬಾಳಿಹಣ್ಣಿಗೆ ಬೈದೆ. ಕಡೀಕ ನನಗ ನಾನ ಬೈಕೊಂಡೆ."

ಮಾಲಾ ಚಹಾದ ಕಪ್ಪು ಕೆಳಗಿಟ್ಟಳು. "ಆಯಿ ಒಬ್ರ ಮನಿ ಮಾತಷ್ಟ ನಂಬಬ್ಯಾಡ್ರಿ. ಬ್ಯಾರೆ ಬ್ಯಾರೆ ದೇಶದಾಗ ಲಕ್ಷಗಟ್ಲೆ ಮಕ್ಕಳ್ನ ನೋಡ್ಯಾರ. ಸೂಜಿ ಹಾಕಿಸಿಕೊಂಡವ್ರಾಗ ಆಟಿಸಂ ಎಷ್ಟೋ, ಹಾಕಿಸಿಕೊಳ್ಳದವ್ರಾಗೂ ಅಷ್ಟ. ಸೂಜಿಯಿಂದ ಬರ್ತೈತಿ ಅಂತ ಹಿಂದ ಒಬ್ಬ ಡಾಕ್ಟರ್ ಬರದಿದ್ದ. ಅದು ಸುಳ್ಳಂತ ಗೊತ್ತಾಗಿ, ಅಚ್ಚು ಹಾಕಿದವ್ರ ಅದನ್ನ ವಾಪಸ್ ತಗೊಂಡಾರ."

"ಮತ್ತ ಮುತ್ತೂಗ ಸೂಜಿ ಹಾಕಿಸಿದ ಮ್ಯಾಲನ ಯಾಕ ಆತು?"

"ಆಟಿಸಂ ಕಣ್ಣಿಗೆ ಬೀಳೂ ವಯಸ್ಸೂ ಸೂಜಿ ಹಾಕೂ ವಯಸ್ಸೂ ಒಂದ. ಅದಕ್ಕ ಹಂಗ ಅನಸತೈತಿ. ಆಟಿಸಂ ಅಂದ್ರ ಕೂಸಿನ ಮಿದುಳು ಬೆಳಿಯೂ ರೀತಿ. ಭಾಳ ಸಲ ಹೊಟ್ಯಾಗ ಇದ್ದಾಗನ ಶುರು ಆಗಿರ್ತೈತಿ."

ಸೌಭಾಗ್ಯ ಮುತ್ತುವಿನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಹಂಗಾದ್ರ ಇದು ನಾ ಮಾಡಿದ್ದಲ್ಲ?"

"ಅಲ್ಲ," ಎಂದೆವು ನಾವಿಬ್ಬರೂ.

ಎರಡೂವರೆ ವರ್ಷ ತಡೆದಿಟ್ಟ ಅಳು ಹೊರಗೆ ಬಂತು. ಮುತ್ತು ತಲೆ ಎತ್ತಲಿಲ್ಲ. ಅವನ ದ್ರಾಕ್ಷಿಯ ಸಾಲು ಮಾತ್ರ ಕಟ್ಟೆಯುದ್ದಕ್ಕೂ ಬೆಳೆದು ತಾಯಿಯ ಕೈಯ ಹತ್ತಿರ ಬಂದು ನಿಂತಿತು.

ಅವಳಿಗೆ ನಂದಾಳ ವಿಷಯ ಅಂದೇ ಮೊದಲ ಸಲ ಹೇಳಿದೆ. "ಮಗ ಹಿಂಗ ಅದಾನ. ನನ್ನ ಚಹಾಕ್ಕ ಸಕ್ರಿ ಎಷ್ಟಂತ ಅವಗ ಗೊತ್ತು. ಮಗಳು ಇಲ್ಲ. ಯಾವುದಕ್ಕ ಅಂಜಬೇಕಿತ್ತು ಅಂತ ನನಗ ಭಾಳ ತಡ ಆಗಿ ತಿಳೀತು, ಸೌಭಾಗ್ಯಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಕೂಸಿನ ಸೂಜಿಗಳ ಲೆಕ್ಕ ಬರೆಯುವ ತಾಯಿ ಕಾರ್ಡ್ ಹಿಡಿದು ಬಂದಳು.

ಅಂಗನವಾಡಿಯವರೆಗೆ ಸಂಗನಬಸವ ಕೂಸಿಗೆ ಕೊಡೆ ಹಿಡಿದ. ಸೂಜಿ ಹಾಕಿದಾಗ ವಿಶಾಖಾ ಓಣಿ ಕೇಳುವ ಹಾಗೆ ಅತ್ತಿತು, ಎರಡು ನಿಮಿಷಕ್ಕೆ ಮರೆಯಿತು. ಅರ್ಧ ತಾಸು ಅಲ್ಲೇ ಕೂಡಿಸಿಕೊಂಡರು. "ಒಂದೆರಡು ದಿನ ಮೈ ಬೆಚ್ಚಗ ಆದೀತು, ಸಣ್ಣ ಗುಳ್ಳಿ ಬಂದಾವು. ಹೆಚ್ಚಾತು ಅನಿಸಿದ್ರ ನನಗ ಫೋನ್ ಹಚ್ರಿ. ಇನ್ನೊಂದು ಸೂಜಿ ಒಂದೂವರಿ ವರ್ಷದ ಸುಮಾರಿಗೆ," ಎಂದಳು ಮಾಲಾ.

ಮರುವಾರ, ಗುರುವಾರ ಹತ್ತು ಗಂಟೆಗೆ ಬಾಗಿಲ ಸಪ್ಪಳವಾಯಿತು. ಸೌಭಾಗ್ಯ ಕೂಸನ್ನು ನನ್ನ ಮಡಿಲಿಗೆ ಹಾಕಿದಳು.

"ಕೆಲಸ ಭಾಳ ಐತೇನವಾ?" ಎಂದೆ.

"ಏನೂ ಇಲ್ರಿ ಆಯಿ. ಸುಮ್ನ ತಂದೇನಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಿ ತಂದೆಯರೇ, ನಿಮ್ಮ ಮಗು ಹೆಸರು ಕರೆದರೆ ತಿರುಗದಿದ್ದರೆ, ಮಾತು ತಡವಾದರೆ, ಬೇಗ ಡಾಕ್ಟರಿಗೆ ತೋರಿಸಿ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಸೂಜಿಯನ್ನೂ ಬೈಯಬೇಡಿ. ಇವತ್ತೇ ತಾಯಿ ಕಾರ್ಡ್ ತೆಗೆದು ನೋಡಿ. ದಡಾರದ ಲಸಿಕೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಮ್ಮೆ. ತಪ್ಪಿದ್ದರೆ ಈಗಲಾದರೂ ಹೋಗಿ ಕೇಳಿ. ಅನುಮಾನವಿದ್ದರೆ ಆಶಾ ಅಕ್ಕನನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಎಲ್ಲ ಪ್ರಶ್ನೆಯನ್ನೂ ಕೇಳಿ.

ಮತ್ತೆ, ನಿಮ್ಮ ಮಡಿಲಲ್ಲಿ ಬೇರೆಯವರ ಕೂಸು ಅಡಗಿದ್ದರೆ ನನ್ನ ಹಾಗೆ ಕಣಜದ ಹಿಂದೆ ಕೂತುಬಿಡಬೇಡಿ. ಎತ್ತಿಕೊಂಡು ಹೊರಗೆ ಬನ್ನಿ.