ಕೆಂಪೆಣ್ಣೆಯ ಗುಟ್ಟು

ಸೋಪು ಹಚ್ಚಿ ಎರಡು ಸಲ ಉಜ್ಜಿದರೂ ಗಂಡನ ಉಗುರಿನ ಸಂದಿಯ ಕೆಂಪು ಹೋಗಲಿಲ್ಲ. ಆಕೆ ಹಳೆಯ ಬ್ರಷ್ಷನ್ನು ಬಿಸಿನೀರಿಗೆ ಅದ್ದಿ, ತಣ್ಣಗಾದ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ತಿಕ್ಕತೊಡಗಿದಳು.

"ಸಾಕು ಬಿಡಮ್ಮ," ಎಂದಳು ಮಗಳು. "ಉಗುರನ್ನ ಯಾರು ನೋಡ್ತಾರೆ ಈಗ?"

"ಹತ್ತಾರು ಜನ ನಂಬಿದ ಕೈ ಇದು. ಕೊಳಕು ಕೊಳಕಾಗಿ ಕಳಿಸೋಕಾಗುತ್ತಾ?"

ನಡುಮನೆಯಲ್ಲಿ ಮಲಗಿದ್ದವರು ಬಂದೂಕು ರಿಪೇರಿ ಮಾಡುತ್ತಿದ್ದವರು, ಎಲ್ಲರ ಬಾಯಲ್ಲೂ ಮೇಸ್ತ್ರಿ. ಬ್ಯಾಂಕಿನ ಕಾವಲಿನವರ ಜೋಡುನಳಿಗೆ, ರೈಫಲ್ ಕ್ಲಬ್ಬಿನ ಹಳೆಯ ರೈಫಲು, ಯಾವುದೇ ಇರಲಿ, ವರ್ಷಕ್ಕೊಮ್ಮೆಯಾದರೂ ಅವರ ಕೈಗೆ ಬರಬೇಕಿತ್ತು. ರಿಪೇರಿಗಿಂತ ಹೆಚ್ಚು ಹೆಸರು ತಂದದ್ದು ಅವರ ಮನೆಯಲ್ಲೇ ತಯಾರಾಗುತ್ತಿದ್ದ ಕೆಂಪೆಣ್ಣೆ. ನಳಿಗೆಯೊಳಗೆ ಮದ್ದಿನ ಕರಿ ಎಷ್ಟೇ ಗಟ್ಟಿಯಾಗಿ ಕೂತಿರಲಿ, ಈ ಎಣ್ಣೆಯಲ್ಲಿ ಅದ್ದಿದ ಬಟ್ಟೆಚೂರನ್ನು ಸಲಾಕೆಗೆ ಸಿಕ್ಕಿಸಿ ನಾಲ್ಕು ಸಲ ಎಳೆದರೆ ಒಳಗೆ ಥಳಥಳ. ಅಂಗಡಿಯ ಡಬ್ಬಿಗಳು ಇದರ ಮುಂದೆ ಬರೀ ನೀರು ಎನ್ನುತ್ತಿದ್ದರು ಬಲ್ಲವರು. ಅದರಲ್ಲಿ ಏನೇನು ಬೀಳುತ್ತದೆ ಎಂಬುದು ಇಬ್ಬರಿಗಷ್ಟೇ ಗೊತ್ತಿತ್ತು. ಒಬ್ಬರು ಹೋದರು, ಉಳಿದವಳು ತಾನೊಬ್ಬಳೇ ಎಂದು ಬೆಳಗಿನಿಂದ ಆಕೆಗೆ ಅನ್ನಿಸುತ್ತಲೇ ಇತ್ತು. ಅಷ್ಟು ದುಃಖದ ನಡುವೆಯೂ ಅದೊಂದು ಸಣ್ಣ ಜಂಬ. ಇರಲಿ ಬಿಡಿ, ಅದಕ್ಕೆ ಆಕೆ ತೆತ್ತದ್ದೇನು ಕಡಿಮೆಯೇ?

*

ಮದುವೆಯಾದ ಹೊಸತರಲ್ಲಿ ಆ ಎಣ್ಣೆಗೆ ಅಂಥ ಹೆಸರೇನೂ ಇರಲಿಲ್ಲ. ಕರಿ ಬಿಡುತ್ತಿತ್ತು, ಆದರೆ ವಾರ ಕಳೆಯುವುದರೊಳಗೆ ನಳಿಗೆಗೆ ತುಕ್ಕು. ಆಕೆ ತವರಿನಲ್ಲಿ ಹಸಿ ಉಣ್ಣೆ ತೊಳೆದು ಬೆಳೆದವಳು. ಉಣ್ಣೆ ಕುದಿಸಿದ ನೀರು ಆರಿದಾಗ ಮೇಲೆ ಹಳದಿ ಮೇಣ ಕಟ್ಟುತ್ತದೆ, ಅದು ಕೈಗೆ ಹತ್ತಿದರೆ ನೀರು ಒಳಕ್ಕೆ ತಾಕುವುದಿಲ್ಲ.

"ಅದನ್ನ ಒಂಚೂರು ಹಾಕಿ ನೋಡಿ," ಎಂದಳು.

ಮೇಸ್ತ್ರಿ ನಕ್ಕರು. ಆದರೂ ಹಾಕಿದರು. ಆಮೇಲೆ ತುಕ್ಕು ಆ ಕಡೆ ಸುಳಿಯಲಿಲ್ಲ.

ಎಣ್ಣೆ ಬೆರೆಸುವ ಹಿತ್ತಿಲ ಕೋಣೆಯ ಕಿಟಕಿಗೆ ಮೇಸ್ತ್ರಿ ಹಲಗೆ ಬಡಿದದ್ದು ಆವತ್ತೇ. "ವಾಸನೆ ಹಿಡಿದೇ ಏನೇನಿದೆ ಅಂತ ಹೇಳ್ಬಿಡ್ತಾರೆ ಕಣೇ ಈ ಜನ. ಗೋಡೆಗೂ ಕಿವಿ ಇರುತ್ತೆ, ಮೂಗು ಇರಲ್ವಾ? ಇದು ನಮ್ಮಿಬ್ಬರಲ್ಲೇ ಇರ್ಲಿ. ನಿನ್ನ ಒಡಹುಟ್ಟಿದವರಿಗೂ ಬೇಡ. ಆಣೆ ಮಾಡು."

ಆಕೆ ಆಣೆ ಮಾಡಿದಳು. ಬರಬರುತ್ತಾ ಮೇಸ್ತ್ರಿಗೆ ಗಿರಾಕಿಗಳ ಜೊತೆ ಮಾತಾಡುವುದೇ ಕೆಲಸವಾಗಿ, ಬೆರೆಸುವುದೆಲ್ಲ ಆಕೆಯ ಪಾಲಿಗೆ ಬಂತು. ಬಾಗಿಲು ಹಾಕಿಕೊಂಡು ಸೀಮೆಎಣ್ಣೆ ಸುರಿಯಬೇಕು, ಗೇರ್‌ಬಾಕ್ಸಿನ ಕೆಂಪು ಎಣ್ಣೆ, ಪೇಂಟಿನವರ ತಿನ್ನರು, ಕೊನೆಗೆ ಮೇಣ. ಹೊರಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಒಂದು ದಿನ ಒಲೆಯ ಮೇಲೆ ಹಾಲು ಹೊತ್ತಿ ಮನೆಯೆಲ್ಲ ಹೊಗೆಯಾದರೂ ಆಕೆಗೆ ತಿಳಿಯಲಿಲ್ಲ. ಮೂಗು ಸತ್ತಿದೆ, ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಮೊಮ್ಮಗು ಹುಟ್ಟಿದಾಗ ಎಲ್ಲರೂ ಅದರ ನೆತ್ತಿ ಮೂಸಿ ಮೂಸಿ ಸುಖಪಟ್ಟರು. ಆಕೆಯೂ ಮೂಸಿದಳು. ಏನೂ ಇರಲಿಲ್ಲ. ಅಂದು ಬಚ್ಚಲಿಗೆ ಹೋಗಿ ಅತ್ತು ಬಂದಳೇ ಹೊರತು ಹಲಗೆ ಕೀಳಿಸಲಿಲ್ಲ. ಗುಟ್ಟು ಎಂದರೆ ಗುಟ್ಟು.

*

ಅಂಗಳಕ್ಕೆ ಬಾಡಿಗೆ ಕುರ್ಚಿಗಳು ಬಂದವು. ಕ್ಲಬ್ಬಿನ ಕಾರ್ಯದರ್ಶಿ ಮತ್ತು ಬ್ಯಾಂಕಿನ ಗನ್‌ಮ್ಯಾನ್ ಗೋಡೆಯ ನೆರಳಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಆಕೆ ನೀರಿನ ಲೋಟಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಗನ್‌ಮ್ಯಾನ್ ಪೇಚಾಡುತ್ತಿದ್ದ.

"ಇನ್ನು ಕೆಂಪೆಣ್ಣೆಗೆ ಏನ್ಸಾರ್ ಗತಿ?"

"ಏನಯ್ಯ ಗತಿ? ನಾವೇ ಮಾಡ್ಕೊಳ್ಳೋದು," ಎಂದರು ಕಾರ್ಯದರ್ಶಿ. "ಸೀಮೆಎಣ್ಣೆ, ಗೇರ್‌ಬಾಕ್ಸ್ ಎಣ್ಣೆ, ತಿನ್ನರು. ಕಡೇಲಿ ಆ ಉಣ್ಣೆ ಮೇಣ."

"ಅದು ನಂಗೂ ಗೊತ್ತು ಬಿಡಿ. ಮಾಡೋರು ಯಾರು ಅಂತ."

ಆಕೆ ಹೊಸ್ತಿಲು ದಾಟಿ ಬಂದಳು. ಕಾರ್ಯದರ್ಶಿ ಎದ್ದು ನಿಂತರು.

"ನಿಮಗೆ ಇದನ್ನೆಲ್ಲ ಯಾರು ಹೇಳಿದ್ದು?" ಆಕೆಯ ದನಿ ಅಷ್ಟು ಬಿರುಸಾಗಿದ್ದನ್ನು ಅವರು ಎಂದೂ ಕೇಳಿರಲಿಲ್ಲ.

"ಇನ್ಯಾರಮ್ಮ, ಮೇಸ್ತ್ರೀನೇ. ಅವರ ಹೊಟ್ಟೇಲಿ ಒಂದು ಮಾತು ನಿಲ್ತಿತ್ತಾ? ಒಂದು ಟೀ ಕುಡಿಸಿದ್ರೆ ಸಾಕು, ಕೇಳ್ದೋರಿಗೂ ಹೇಳೋರು, ಕೇಳ್ದೇ ಇದ್ದೋರಿಗೂ ಹೇಳೋರು. ದೊಡ್ಡ ಮನಸ್ಸು."

"ಮತ್ತೆ ಯಾಕೆ ಇಲ್ಲಿಗೇ ಬರ್ತಿದ್ರಿ ಎಣ್ಣೆಗೆ?"

"ಅಯ್ಯೋ, ಆ ನಾತ ಯಾರಿಗೆ ಬೇಕಮ್ಮ? ನಮ್ಮ ಮನೇಲಿ ಡಬ್ಬೀನ ಒಳಕ್ಕೇ ಬಿಡಲ್ಲ." ಕಾರ್ಯದರ್ಶಿ ನಗಲು ಹೋಗಿ, ಇದು ನಗುವ ದಿನವಲ್ಲ ಎಂದು ನೆನಪಾಗಿ ಸುಮ್ಮನಾದರು. ಗನ್‌ಮ್ಯಾನ್ ಸಮಾಧಾನ ಹೇಳುವವನಂತೆ ಮಾತು ಸೇರಿಸಿದ: "ಎಷ್ಟು ಕಾಳಜಿ ಮಾಡೋರು ಅಂತೀರಿ! 'ಮುಚ್ಚಿದ ಕೋಣೇಲಿ ಮಾಡ್ಬೇಡಿ, ತಲೆಗೆ ಹತ್ತುತ್ತೆ. ಬಯಲಲ್ಲಿ ಮಾಡಿ' ಅಂತ ನಂಗೇ ಎರಡೆರಡು ಸಲ ಹೇಳಿದಾರೆ."

ಆಕೆ ತಟ್ಟೆಯನ್ನು ಖಾಲಿ ಕುರ್ಚಿಯ ಮೇಲಿಟ್ಟು ಒಳಗೆ ನಡೆದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಕೇಳಿದ ಮಾತೇ. ಅದು ತನ್ನ ನಡುಮನೆಯಲ್ಲೇ ಬಿಳಿ ಬಟ್ಟೆ ಹೊದ್ದು ಮಲಗಿರುತ್ತದೆ ಎಂದು ತಿಳಿದಿರಲಿಲ್ಲ. ತೊಳೆದಿಟ್ಟ ಆ ಕೈಯನ್ನು ನೋಡಲು ಆಕೆಗೆ ಮನಸ್ಸಾಗಲಿಲ್ಲ. ಹಿತ್ತಿಲಿಗೆ ಹೋಗಿ ಕೋಣೆಯ ಮೆಟ್ಟಿಲ ಮೇಲೆ ಕೂತಳು. ತಮ್ಮನ ಮುಖ ಕಣ್ಮುಂದೆ ಬಂತು.

*

ತಮ್ಮ ಕೂಡ ಅದೇ ಕಸುಬು ಕಲಿತವನು, ಭಾವನ ಕೈಕೆಳಗೇ. ಬೇರೆ ಊರಿನಲ್ಲಿ ಸ್ವಂತ ಅಂಗಡಿ ಹಾಕುತ್ತೇನೆಂದು ಹೊರಟಾಗ ಈ ಮೆಟ್ಟಿಲ ಹತ್ತಿರವೇ ನಿಂತು ಕೇಳಿದ್ದ.

"ಅಕ್ಕ, ಎಣ್ಣೆ ಮಾಡೋದು ಹೇಗೆ ಅಂತ ಹೇಳ್ಕೊಡು. ಹೊಸ ಜಾಗ, ಹೊಸ ಮುಖ. ಅದೊಂದಿದ್ರೆ ಜನ ಬರ್ತಾರೆ."

"ಆಣೆ ಮಾಡಿದೀನಿ ಕಣೋ. ನನ್ನ ಜೀವ ಕೇಳು, ಕೊಡ್ತೀನಿ."

"ನಿನ್ನ ಜೀವ ತಗೊಂಡು ನಾನೇನು ಮಾಡ್ಲಿ? ನಾನು ನಿನಗೆ ಹೊರಗಿನವನಾ?"

ಆಕೆ ಬಾಯಿ ಬಿಡಲಿಲ್ಲ. ಅವನು ಊಟವನ್ನೂ ಮಾಡದೆ ಬ್ಯಾಗು ಎತ್ತಿಕೊಂಡು ಹೋದ. ಆಮೇಲೆ ಮಗಳ ಮದುವೆಗೂ ಬರಲಿಲ್ಲ. ನನ್ನಿಂದಲೇ ಅವನ ಅಂಗಡಿ ಏಳಲಿಲ್ಲವೇನೋ, ಎಲ್ಲಿ ಯಾರ ಕೈಕೆಳಗೆ ಜೀತ ಮಾಡುತ್ತಿದ್ದಾನೋ ಎಂದು ಆಕೆ ಕೊರಗದ ದಿನವಿಲ್ಲ.

*

"ಅಕ್ಕ."

ತಲೆಯೆತ್ತಿದಳು. ತಮ್ಮ ನಿಂತಿದ್ದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು, ಹಾಕಿದ ಅಂಗಿ ಒಳ್ಳೆಯದೇ ಇತ್ತು. ಆಕೆ ಅವನ ಎರಡೂ ತೋಳು ಹಿಡಿದುಕೊಂಡಳು.

"ತಪ್ಪು ಮಾಡ್ಬಿಟ್ಟೆ ಕಣೋ. ಊರಿಗೆಲ್ಲ ಗೊತ್ತಿತ್ತಂತೆ, ನಿನಗೊಬ್ಬನಿಗೆ ಇಲ್ಲ ಅಂದೆ. ನಿನ್ನ ಬದುಕು ಹಾಳು ಮಾಡಿದೆ."

ತಮ್ಮ ನೆಲ ನೋಡಿದ. "ಹಾಳೇನೂ ಆಗ್ಲಿಲ್ಲ ಅಕ್ಕ. ಅಂಗಡಿ ನಡೀತಿದೆ."

"ಎಣ್ಣೆ ಇಲ್ದೇನಾ?"

ಅವನ ಕಣ್ಣು ಕಿಟಕಿಗೆ ಬಡಿದ ಹಲಗೆಯ ಕಡೆ ಹೋಯಿತು. ಆಕೆಯ ಹಿಡಿತ ಸಡಿಲಾಯಿತು.

"ನಿನಗೂ ಹೇಳಿದ್ರಾ?"

"ಆವತ್ತೇ. ನಾನು ಬಸ್‌ಸ್ಟ್ಯಾಂಡ್ ಮುಟ್ಟೋದ್ರೊಳಗೆ ಭಾವ ಸೈಕಲ್ಲಲ್ಲಿ ಬಂದ್ರು. ಎಲ್ಲ ಹೇಳಿ, ನಿನಗೆ ಗೊತ್ತಾಗೋದು ಬೇಡ ಅಂದ್ರು. ಗುಟ್ಟು ಕಾಯ್ತಿದೀನಿ ಅನ್ನೋದೇ ಅವಳಿಗೆ ದೊಡ್ಡದು, ಅದಿಲ್ಲ ಅಂತಾದ್ರೆ ಅವಳು ಆ ಕೋಣೆಗೆ ಕಾಲೇ ಇಡಲ್ಲ ಅಂದ್ರು."

ಒಳಗಿನಿಂದ ಯಾರೋ ಕೆಮ್ಮಿದ ಸದ್ದು ಬಂತು. ಆಕೆ ಜೀವನವಿಡೀ ಕಾವಲು ಕಾದ ಗುಟ್ಟಿನ ಮನೆಗೆ ಹಿಂದಿನ ಗೋಡೆಯೇ ಇರಲಿಲ್ಲ.

"ಮತ್ತೆ ಯಾಕೋ ಬರ್ಲಿಲ್ಲ ನೀನು ಇಷ್ಟು ವರ್ಷ? ನಿನಗೆ ಬೇಕಾದ್ದು ಸಿಕ್ಕಿತ್ತಲ್ಲ!"

"ಭಾವ ಕೊಟ್ರು. ನೀನು ಕೊಡ್ಲಿಲ್ವಲ್ಲ ಅಕ್ಕ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಆಣೆ ಮಾಡಿಸಿಕೊಂಡವರು ಒಳ್ಳೆಯವರಾದರು, ಆಣೆ ಉಳಿಸಿಕೊಂಡವಳು ಕಲ್ಲೆದೆಯವಳಾದಳು. "ಇಬ್ಬರೂ ಸೇರ್ಕೊಂಡು ನನ್ನ ಪೆದ್ದಿ ಮಾಡಿದ್ರಿ," ಎಂದಳು. "ಹೋಗು. ಹೆಣಕ್ಕೆ ಹೆಗಲು ಕೊಡೋಕೆ ಜನ ಬೇಕು, ಅಲ್ಲಿಗೆ ಹೋಗು."

ವ್ಯಾನು ಬಂದು ಗೇಟಿನ ಮುಂದೆ ನಿಂತಿತು. ಮೇಸ್ತ್ರಿಯನ್ನು ಎತ್ತಿ ಹಿಂಬದಿಯಲ್ಲಿ ಮಲಗಿಸಿದರು. ತಮ್ಮ, ಕಾರ್ಯದರ್ಶಿ, ಗನ್‌ಮ್ಯಾನ್ ಹತ್ತಿ ಕೂತರು. ಮಗಳು ಜಾಗ ಮಾಡಿ ಕರೆದಳು. "ಅಮ್ಮಾ, ಇಲ್ಲಿ ಬಾ, ಅಪ್ಪನ ಪಕ್ಕ."

ಆಕೆ ಕೇಳಿಸದವಳಂತೆ ಮುಂದೆ ಹೋಗಿ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಳು. ಅವನು ಗುರುತಿಲ್ಲದವನು, ಇಲ್ಲಿಂದ ಇನ್ನೊಂದು ಮನೆಗೆ ಹೋಗಬೇಕಾದ ಅವಸರದಲ್ಲಿದ್ದ.

"ನಿನ್ನ ಹತ್ರ ಬಂದೂಕು ಇದೆಯೇನಪ್ಪ?"

ಅವನು ಬೆಚ್ಚಿ ತಿರುಗಿದ. "ಇಲ್ಲಮ್ಮ! ನಂಗ್ಯಾಕೆ ಬಂದೂಕು?"

"ಇಲ್ದಿದ್ರೂ ಪರವಾಗಿಲ್ಲ, ಕೇಳಿಸ್ಕೋ." ಆಕೆ ದನಿ ಎತ್ತರಿಸಿದಳು. ಹಿಂದೆ ಕೂತವರಿಗೆ ಕೇಳಲಿ, ಮಲಗಿದವರಿಗೂ ಕೇಳಲಿ. "ಸೀಮೆಎಣ್ಣೆ. ಗೇರ್‌ಬಾಕ್ಸಿನ ಎಣ್ಣೆ. ತಿನ್ನರು. ಆಮೇಲೆ ಉಣ್ಣೆ ಕುದಿಸಿದ ಮೇಣ. ಆ ಮೇಣ ಹಾಕ್ಬೇಕು ಅಂತ ಹೇಳಿದ್ದು ನಾನು. ಇವರಲ್ಲ, ನಾನು."

ಈ ಸೀಟಿನಲ್ಲಿ ಕೂತವರು ಏನೇನೋ ಮಾತಾಡುವುದನ್ನು ಡ್ರೈವರ್ ಬಹಳ ಕೇಳಿದ್ದ. ಹೂಂ ಎಂದು ಗಾಡಿ ಶುರು ಮಾಡಿದ. ಬೀದಿಯ ತಿರುವಿನಲ್ಲಿ ಗೇರು ಬದಲಿಸುತ್ತಾ, ಪಾಪ, ಸುಮ್ಮನಿರುವುದು ಸರಿಯಲ್ಲ ಎನ್ನಿಸಿತೋ ಏನೋ, ಕೇಳಿದ:

"ಮೇಣ ಎಷ್ಟು ಹಾಕ್ಬೇಕಮ್ಮ?"

ಯಾರೂ ಆಕೆಯ ಹತ್ತಿರ ಇದುವರೆಗೆ ಅಳತೆ ಕೇಳಿರಲಿಲ್ಲ. ಆಕೆ ಕಿರುಬೆರಳನ್ನು ಎತ್ತಿ, ತುದಿಯ ಗೆಣ್ಣಿಗೆ ಹೆಬ್ಬೆರಳು ತಾಗಿಸಿ ಅಳತೆ ತೋರಿಸಿದಳು. ಅವನು ರಸ್ತೆಯಿಂದ ಕಣ್ಣು ತೆಗೆದು ಅದನ್ನು ನೋಡಿ, ಮತ್ತೆ ರಸ್ತೆ ನೋಡಿದ. ವ್ಯಾನು ಅಂಗಡಿಸಾಲು ದಾಟಿ ಸೇತುವೆಗೆ ಹತ್ತಿದಾಗಲೂ ಆ ಬೆರಳು ಗಾಜಿನ ಮುಂದೆ ಎತ್ತಿದಂತೆಯೇ ಇತ್ತು.