ಮಿಸ್ಬಾಳ ಬಿಸ್ಮಿಲ್ಲಾ

ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಒಂಬತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಆರಂಭ, ಮೊದಲು, ಶುರು, ನಾಂದಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಈಗ ಅವುಗಳಲ್ಲಿ ಒಂದೂ ನನಗೆ ಬೇಡವಾಗಿತ್ತು.

ನಮ್ಮಲ್ಲಿ ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡುತ್ತಾರೆ. ಅಲ್ಲಾಹನ ಹೆಸರಿನಲ್ಲಿ ಎಂಬ ಆ ಮಾತನ್ನು ಹಿರಿಯರು ಹೇಳಿಕೊಡುತ್ತಾರೆ, ಮಗು ಹಿಂದೆಯೇ ಹೇಳುತ್ತದೆ. ಓದು ಶುರುವಾಗುವುದೇ ಹಾಗೆ. ಮಗಳು ಮಿಸ್ಬಾಳ ದಿನ ಬಂದಾಗ ಅವಳ ಅಪ್ಪ ಮುದಸ್ಸಿರ್ ಚಿಂತಾಮಣಿ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ನಾನು ಇದ್ದತ್‌ನಲ್ಲಿದ್ದೆ, ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊರಗಿನ ಗಂಡಸರೆದುರು ಬರುವಂತಿಲ್ಲ. ಆ ಇಪ್ಪತ್ತಾರು ದಿನದಲ್ಲಿ ನಾನು ಒಮ್ಮೆಯೂ ಅತ್ತಿರಲಿಲ್ಲ. ಬಂದ ಹೆಂಗಸರೆಲ್ಲ ನನ್ನ ಕಣ್ಣನ್ನೇ ನೋಡಿ ಹೋಗುತ್ತಿದ್ದರು. ನೋಡಿಕೊಳ್ಳಲಿ.

"ಈಗ ಬೇಡಮ್ಮಾ, ಮುಂದಕ್ಕೆ ಹಾಕಣ" ಎಂದೆ ಅತ್ತೆ ವಜೀರುನ್ನೀಸಾಗೆ.

"ಆ ದಿನ ಇನ್ನೊಂದ್ಸಲ ಬರ್ತದೇನೇ?" ಎಂದರು. ಮಗನನ್ನು ಕಳೆದುಕೊಂಡವರ ಜೊತೆ ವಾದಕ್ಕೆ ನಿಲ್ಲುವುದು ಹೇಗೆ? ಮುದಸ್ಸಿರ್ ಇಲ್ಲದೆ ಈ ಮನೆಯಲ್ಲಿ ಏನೂ ಶುರುವಾಗಬಾರದು ಎಂಬುದಷ್ಟೇ ನನ್ನ ಹಟ. ಹೇಳಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಮಸೀದಿಯ ಹಜ್ರತ್ ಬಂದು ನಡುಮನೆಯಲ್ಲಿ ಕೂತರು. ನಾನು ಒಳಕೋಣೆಯಲ್ಲಿ, ಪರದೆಯ ಹಿಂದೆ. ಅವರು "ಬಿಸ್ಮಿಲ್ಲಾ" ಎಂದರು. ಮಿಸ್ಬಾ ಸುಮ್ಮನಿದ್ದಳು. ಮತ್ತೆ ಹೇಳಿದರು. ಊಹೂಂ, ತುಟಿ ಬಿಚ್ಚಲಿಲ್ಲ. ನನಗೆ ಸಮಾಧಾನವಾಯಿತು. ಹೆತ್ತವಳು ಅಂಥ ಸಮಾಧಾನ ಪಡಬಾರದು, ಪಟ್ಟೆ.

"ನಂಗೆ ಬರ್ತದೆ. ಅಬ್ಬಾ ಹೇಳ್ಕೊಟ್ಟವ್ರೆ" ಎಂದಳು ಮಿಸ್ಬಾ. ಎಂದವಳೇ ಬಿಸ್ಮಿಲ್ಲಾ ಪೂರ್ತಿ ಹೇಳಿ, ಅದರ ಬೆನ್ನಿಗೇ ಓದಿಸುವ ಕುರಾನಿನ ಐದು ಸಾಲುಗಳಲ್ಲಿ ಎರಡನ್ನು ತಡವರಿಸದೆ ಹೇಳಿದಳು.

"ಯಾವಾಗ ಹೇಳ್ಕೊಟ್ನಮ್ಮ?" ಅತ್ತೆ ಕೇಳಿದರು.

"ಮೇಲೂರಿಗೆ ಗೂಡು ತರಕ್ಕೆ ಹೋಗ್ವಾಗ, ಗಾಡೀಲಿ. ಅಮ್ಮಿಗೆ ಹೇಳ್ಬೇಡ, ಆ ದಿನ ಹೇಳಿ ಖುಷಿ ಮಾಡಣ ಅಂದ್ರು."

ರೇಷ್ಮೆಗೂಡು ತರಲು ಮಗು ಯಾಕೆ, ಧೂಳು ಕುಡಿದು ಕೆಮ್ಮುತ್ತಾಳೆ ಎಂದು ಅವರ ಮೇಲೆ ಎಷ್ಟು ಸಲ ರೇಗಿದ್ದೆ! ನಾನು ಬೇಡವೆಂದು ತಡೆದು ಕೂತಿದ್ದ ಶುರು ಎಂದೋ ಆಗಿಹೋಗಿತ್ತು, ಅವರ ಕೈಯಿಂದಲೇ.

ಮತ್ತೆ ಮುಂದುವರಿಸಿ ಮೂರನೇ ಸಾಲನ್ನೂ ಹೇಳಿ ಮಿಸ್ಬಾ ನಿಂತಳು. "ಅಬ್ಬಾ ಇಲ್ಲೀಗಂಟಾನೇ ಹೇಳ್ಕೊಟ್ಟಿದ್ದು."

ಹಜ್ರತ್ ಮುಂದಿನದನ್ನು ಹೇಳಿಕೊಡುವ ಮೊದಲೇ ನಾನು ಪರದೆಯ ಹತ್ತಿರ ಸರಿದು ನಾಲ್ಕನೇ ಸಾಲು ಹೇಳತೊಡಗಿದೆ. ಅರ್ಧಕ್ಕೇ ಧ್ವನಿ ನಿಂತುಹೋಯಿತು.

ಮಿಸ್ಬಾ ಎದ್ದು ಬಂದು ಪರದೆ ಸರಿಸಿ, "ಪೂರ್ತಿ ಹೇಳಮ್ಮಿ" ಎಂದಳು.