ಮುಚ್ಚಿಟ್ಟ ಚಹಾ

ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ಕಳೆದು ಪಾಣೆಮಂಗಳೂರಿಗೆ ಮರಳಿದ ಇಮ್ತಿಯಾಝನಿಗೆ ಊರಿನಲ್ಲಿ ಸಲಾಂ ಹೇಳುವವರು ಬೇಕಾದಷ್ಟಿದ್ದರು, ಕೂತು ಮಾತಾಡುವವರು ಒಬ್ಬರೂ ಇರಲಿಲ್ಲ. ಇದ್ದದ್ದು ಭಾನುವಾರದ ನಾಲ್ವರು ಸೈಕಲ್ ಸವಾರರು. ಬೆಳಗ್ಗೆ ಆರಕ್ಕೆ ಮೆಲ್ಕಾರಿನಿಂದ ಹೊರಟು, ಗುರುವಾಯನಕೆರೆಯ ಚನಿಯಪ್ಪನ ಹೋಟೆಲಿನಲ್ಲಿ ಚಹಾ ಕುಡಿದು ಹಿಂತಿರುಗುವುದು ಅವರ ಕ್ರಮ. ಮೊದಲು ಹೋಟೆಲು ಮುಟ್ಟಿದವನು ಐವರಿಗೂ ಚಹಾ ಹೇಳಬೇಕು.

ದಪ್ಪ ಟಯರಿನ ಸೈಕಲ್ ತುಳಿದು ಇಮ್ತಿಯಾಝ್ ಮುಟ್ಟುವಾಗ ಆ ನಾಲ್ವರು ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದರು. "ಹಿಂದೆ ಬರ್ತಿದ್ದಾರೆ, ಒಂದು ಮುಚ್ಚಿಡಿ ಅಂದ್ರು," ಎಂದು ಚನಿಯಪ್ಪ ತಟ್ಟೆ ಮುಚ್ಚಿದ ಲೋಟ ಮುಂದಿಡುತ್ತಿದ್ದ. ಕೆನೆಗಟ್ಟಿದ ಆ ಚಹಾವನ್ನು ಒಬ್ಬನೇ ಕುಡಿಯುವಾಗ ಗಲ್ಫಿನ ರೂಮೇ ವಾಸಿ ಅನ್ನಿಸುತ್ತಿತ್ತು. ಅಲ್ಲಿ ಎಂಟು ಜನರಾದರೂ ಇದ್ದರು.

ಟಯರು ಬದಲಿಸಲು ಹೋದಾಗ ಮೂಡಬಿದ್ರೆಯ ಸೈಕಲ್ ಅಂಗಡಿಯ ಉಜ್ವಲ್ ಮೊದಲು ಕೇಳಿದ್ದು, "ಡಾಮರಿಗಾ, ಮಣ್ಣಿಗಾ?"

"ನಾಲ್ಕು ಜನರೊಟ್ಟಿಗೆ ಹೋಗ್ಲಿಕ್ಕೆ."

ಅಂಥ ಟಯರು ಯಾವ ಅಂಗಡಿಯಲ್ಲೂ ಇರುವುದಿಲ್ಲ. ಪುಣ್ಯಕ್ಕೆ ಉಜ್ವಲ್ ನಗಲಿಲ್ಲ. ದಾರಿ ಯಾವುದೆಂದು ವಿಚಾರಿಸಿ ನುಣುಪಾದ ಸಪೂರ ಟಯರು ಹಾಕಿದ, ಪೆಡಲಿಗೆ ಕಚ್ಚಿಕೊಳ್ಳುವ ಶೂ ಕೊಟ್ಟ. "ಇದನ್ನು ಮಣ್ಣಿಗೆ ಮಾತ್ರ ಇಳಿಸ್ಬೇಡಿ. ಜಾರ್ತದೆ."

ಇಮ್ತಿಯಾಝ್ ಸವಾರರ ವಾಟ್ಸಾಪ್ ಗ್ರೂಪಿಗೆ ಹೊಸ ಟಯರಿನ ಫೋಟೊ ಹಾಕಿದ. ನಾಲ್ವರೂ ಹೆಬ್ಬೆರಳು ಎತ್ತಿದರು. ಅದನ್ನು ಅವನು ದಿನಕ್ಕೆ ಹತ್ತು ಸಲ ನೋಡಿದ.

ಭಾನುವಾರ ಆರಕ್ಕೆ ಸರಿಯಾಗಿ ಮೆಲ್ಕಾರಿನಲ್ಲಿ ಯಾರೂ ಇರಲಿಲ್ಲ. ಮುಂದೆ ಹೋಗಿರಬೇಕು, ಅವರದು ಅದೇ ಬುದ್ಧಿ ಎಂದುಕೊಂಡು ಎದ್ದುಬಿದ್ದು ತುಳಿದ. ಹೊಸ ಟಯರು ಸದ್ದೇ ಇಲ್ಲದೆ ಓಡಿತು. ದಾರಿಯಲ್ಲಿ ಒಬ್ಬರೂ ಸಿಗಲಿಲ್ಲ. ಹೋಟೆಲಿನೆದುರು ಸೈಕಲ್ ಒಂದೂ ಕಾಣದಾಗ ಅವನ ಎದೆಯುಬ್ಬಿತು. ಎಲ್ಲೋ ಪಂಚರಿಗೆ ನಿಂತವರನ್ನು ಗೊತ್ತಿಲ್ಲದೆ ಹಿಂದೆ ಹಾಕಿದ್ದಾನೆ, ಇನ್ನೇನು. ಒಳಗೆ ಹೋಗಿ ಮೊದಲ ಸಲ "ಐದು ಚಹಾ" ಎಂದ.

ಚಹಾ ಬಂತು, ಅವರು ಬರಲಿಲ್ಲ. ಗುಂಪಿನ ಶೋಧನನಿಗೆ ಫೋನು ಮಾಡಿದ.

"ನಾವು ಕನ್ಯಾನದ ಕಡೆ ಇದ್ದೇವೆ ಮಾರಾಯ್ರೆ. ಇನ್ನು ಮಣ್ಣಿನ ದಾರಿ ಅಂತ ಎಲ್ಲರೂ ದಪ್ಪ ಟಯರ್ ಹಾಕಿಸಿದ್ದೇವೆ. ನಿಮ್ದು ಈಗ ಸಪೂರ ಅಲ್ವಾ, ಹಾಗೆ ಹೇಳ್ಲಿಲ್ಲ."

ಅವನ ದಪ್ಪ ಟಯರು ಮನೆಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ಮಾತು ಕೇಳಿದ್ದರೆ ರಾತ್ರಿಯೇ ಬದಲಿಸಿ ಬಿಡುತ್ತಿದ್ದ. ಯಾರೂ ಕೇಳಲಿಲ್ಲ. "ಆಯ್ತು, ನೀವು ಹೋಗಿ," ಎಂದಷ್ಟೇ ಹೇಳಿ ಫೋನಿಟ್ಟ.

ಚನಿಯಪ್ಪ ಪಕ್ಕದ ಮೇಜು ಒರೆಸುತ್ತ ಕೇಳಿದ, "ಅವರೆಲ್ಲ ಎಲ್ಲಿ?"

ಇಮ್ತಿಯಾಝ್ ತನ್ನ ಲೋಟ ಎತ್ತಿಕೊಂಡ. ಇನ್ನೂ ಬಿಸಿ ಇತ್ತು.

"ಹಿಂದೆ ಬರ್ತಿದ್ದಾರೆ," ಎಂದ. "ನಾಲ್ಕು ಮುಚ್ಚಿಡಿ."